ಒಂದು ಪದ್ಯ, ಒಂದೇ ಸಲ

ಬಳ್ಳಾರಿಯ ಜನ ಬಿಸಿಲನ್ನು ತಡೆದುಕೊಂಡಾರು, ಹಸಿಮೆಣಸಿನಕಾಯಿಯನ್ನು ತಡೆದುಕೊಂಡಾರು, ಒಳ್ಳೆಯ ಪದ್ಯವನ್ನು ಒಂದೇ ಸಲ ಕೇಳಿ ಮನೆಗೆ ಹೋಗಿರಿ ಎಂದರೆ ಮಾತ್ರ ತಡೆದುಕೊಳ್ಳುವವರಲ್ಲ. ನಾಟಕದಲ್ಲಿ ರಾಜ ಬಾಣ ತಗುಲಿ ಬಿದ್ದಿರಲಿ, ರಾಣಿ ಬೆಂಕಿಗೆ ಹಾರಿರಲಿ, ಪದ್ಯ ಚೆನ್ನಾಗಿತ್ತೆಂದರೆ ‘ವನ್ಸ್ ಮೋರ್’ ಎಂಬ ಕೂಗು ಎದ್ದೇ ಏಳುತ್ತದೆ. ಆಗ ಸತ್ತ ರಾಜ ಎದ್ದು ನಿಂತು, ಕಿರೀಟ ಸರಿ ಮಾಡಿಕೊಂಡು, ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯಬೇಕು. ಕೂಗು ಕೇಳಿಯೂ ಹಾಡದೆ ಒಳಗೆ ಹೋದವನು ಆ ಊರಿನಲ್ಲಿ ಮತ್ತೆ ಬಣ್ಣ ಹಚ್ಚುವ ಆಸೆ ಬಿಟ್ಟುಬಿಡಬೇಕು. ಪದ್ಯ ತೆಲುಗಿನದಾದರೇನು, ಕನ್ನಡದ್ದಾದರೇನು, ಬಳ್ಳಾರಿಗೆ ಆ ಭೇದವಿಲ್ಲ.

ಇಂಥ ಊರಿನ ಕಣ್ಮಣಿ ಕುರುಗೋಡು ಉಚ್ಚೆಂಗೆಪ್ಪ. ರಾಜ್ಯ ಕಳೆದುಕೊಂಡ ರಾಜನ ಪದ್ಯವನ್ನು ಅವನು ಎತ್ತಿದರೆ, ಕೊನೆಯ ಸಾಲಿನಲ್ಲಿ ಆಲಾಪ ಹಿಡಿದು ಏರಿ ಏರಿ ಎಲ್ಲಿಗೋ ಹೋಗಿ ನಿಲ್ಲುತ್ತಿದ್ದ. ಕೇಳುವವರು ತಮ್ಮ ಉಸಿರನ್ನೂ ಬಿಗಿಹಿಡಿದು ಕೂರುತ್ತಿದ್ದರು. ಹಾಗೆ ಉಸಿರು ಬಿಗಿಹಿಡಿದು ಕೂರುವವರಲ್ಲಿ ಒಬ್ಬಳಿಗೆ ಮಾತ್ರ ಅದು ಸಂತೋಷದ ವಿಷಯವಾಗಿ ಉಳಿದಿರಲಿಲ್ಲ. ಅವಳು ಪಕ್ಕದ ಪರದೆಯ ಮರೆಯಲ್ಲಿ ಶ್ರುತಿಪೆಟ್ಟಿಗೆಯ ತಿದಿ ಒತ್ತುತ್ತ ಕೂರುತ್ತಿದ್ದ ಅವನ ಹೆಂಡತಿ, ಸಾವಂತ್ರಮ್ಮ. ಸಿರುಗುಪ್ಪದಲ್ಲಿ ಹಾರ್ಮೋನಿಯಂ ಕಲಿಸುತ್ತಿದ್ದ ಪೇಟಿ ಮಾಸ್ತರರ ಮಗಳು. ಶ್ರುತಿಪೆಟ್ಟಿಗೆ ಅವಳ ಅಪ್ಪನದು. ಜನ ಹಾಡು ಕೇಳುತ್ತಿದ್ದರು, ಅವಳು ಹಾಡಿನ ನಡುವೆ ಅವನು ಒಳಗೆಳೆದುಕೊಳ್ಳುವ ಉಸಿರನ್ನು ಕೇಳುತ್ತಿದ್ದಳು.

ಬಳ್ಳಾರಿ ಇನ್ನೂ ಮದ್ರಾಸಿನ ಕೈಯೊಳಗಿದ್ದ ಕಾಲ. ಸಿನಿಮಾ ಬಂದು ನಾಟಕ ಕಂಪನಿಗಳ ಅನ್ನ ಕಸಿದುಕೊಂಡಿತ್ತು. ಕಂಪನಿ ಮಾಲೀಕ ಎರ್ರಣ್ಣನ ಪರದೆಗಳನ್ನು ಸಿರುಗುಪ್ಪದ ಕ್ಯಾಂಪಿನಲ್ಲಿ ಇಲಿಗಳು ಎಷ್ಟು ಚೊಕ್ಕಟವಾಗಿ ತಿಂದಿದ್ದವೆಂದರೆ, ಅರಮನೆಯ ಪರದೆಯಲ್ಲಿ ಅರಮನೆಗಿಂತ ತೂತೇ ದೊಡ್ಡದಾಗಿತ್ತು. ಎರ್ರಣ್ಣ ತಲೆಯ ಮೇಲೆ ಕೈ ಹೊತ್ತು ಕೂತು, ಕೊನೆಗೊಂದು ಉಪಾಯ ತೆಗೆದ. ಕಥೆ ಬೇಡ, ಪರದೆ ಬೇಡ, ಬಳ್ಳಾರಿಯಂಥ ದೊಡ್ಡ ಊರಿಗೆ ಹೋಗಿ ತಗಡಿನ ಥೇಟರಿನಲ್ಲಿ ಒಂದು ವಾರ ಬರೀ ಹಾಡು ಹಾಡುವುದು. ‘ಸಂಗೀತ ಸಪ್ತಾಹ’ ಎಂದು ಜಟಕಾಕ್ಕೆ ಬೋರ್ಡು ಕಟ್ಟಿಸಿ ಕೌಲ್ ಬಜಾರಿನಿಂದ ಸತ್ಯನಾರಾಯಣಪೇಟೆಯವರೆಗೆ ತಮಟೆ ಹೊಡೆಸಿದ. ಸೋಮವಾರದಿಂದ ಭಾನುವಾರದವರೆಗೆ ದಿನಾ ದೀಪ ಹಚ್ಚುವ ಹೊತ್ತಿಗೆ ಶುರು, ಕೊನೆಯ ಪದ್ಯ ಉಚ್ಚೆಂಗೆಪ್ಪನದು. ಈ ವಾರ ಗೆದ್ದರೆ ಕಂಪನಿ ಉಳಿಯುತ್ತದೆ, ಇಲ್ಲದಿದ್ದರೆ ಎಲ್ಲರೂ ಬುತ್ತಿ ಕಟ್ಟಿಕೊಂಡು ತಮ್ಮತಮ್ಮ ಊರು ಸೇರಬೇಕು.

ಅದು ಎಲ್ಲರಿಗೂ ಗೊತ್ತಿದ್ದ ಕಷ್ಟ. ಸಾವಂತ್ರಮ್ಮನ ಕಷ್ಟ ಯಾರಿಗೂ ಗೊತ್ತಿರಲಿಲ್ಲ.

ಉಚ್ಚೆಂಗೆಪ್ಪ ಹುಟ್ಟಿದಾಗಿನಿಂದ ಎಲೆ ಅಡಿಕೆ ಮುಟ್ಟಿದವನಲ್ಲ. ಸುಣ್ಣ ಗಂಟಲಿಗೆ ವೈರಿ ಎಂದು ಮಂದಿಗೆ ಬುದ್ಧಿ ಹೇಳುತ್ತಿದ್ದವನು ಸಿರುಗುಪ್ಪದ ಕ್ಯಾಂಪಿನಲ್ಲಿ ಇದ್ದಕ್ಕಿದ್ದಂತೆ ಹೊತ್ತು ಹೊತ್ತಿಗೂ ತಾಂಬೂಲ ಜಗಿಯಲು ಶುರು ಮಾಡಿದ. ಕಲಾವಿದನಿಗೆ ಈಗ ಕಳೆ ಬಂತು ಎಂದು ಗೆಳೆಯರು ನಕ್ಕರು. ಸಾವಂತ್ರಮ್ಮನೂ ನಕ್ಕಳು. ಒಂದು ಬೆಳಿಗ್ಗೆ ಅವನು ಇನ್ನೂ ಎಲೆ ಹಾಕುವ ಮೊದಲೇ ಭತ್ತದ ಹೊಟ್ಟಿನ ಗುಪ್ಪೆಯ ಹಿಂದೆ ಕೂತು ಕೆಮ್ಮಿ ಉಗುಳಿದ್ದನ್ನು ಅವಳು ನೋಡಿದಳು. ಹೊಟ್ಟಿನ ಮೇಲೆ ಬಿದ್ದದ್ದು ಕೆಂಪಗಿತ್ತು. ಅಂದಿಗೆ ಅವಳ ನಗು ನಿಂತಿತು.

ಅವನು ಅವಳ ಕೈಯನ್ನು ಎಳೆದು ಶ್ರುತಿಪೆಟ್ಟಿಗೆಯ ಮೇಲಿಟ್ಟು ಆಣೆ ಮಾಡಿಸಿದ. ಈ ರೋಗದ ಹೆಸರು ಅವಳ ಬಾಯಿಂದ ಯಾರ ಮುಂದೆಯೂ ಬರಕೂಡದು. ಕ್ಷಯ ಎಂದರೆ ಜನ ಆ ಓಣಿಯನ್ನೇ ಬಿಟ್ಟು ಸುತ್ತಿ ಹೋಗುತ್ತಿದ್ದ ದಿನಗಳು. ಹೆಸರು ಹೊರಬಿದ್ದರೆ ಕಂಪನಿಯಲ್ಲಿ ಅವನ ಲೋಟ ಮುಟ್ಟುವವರಿರಲಿಲ್ಲ, ಅವನು ನಿಂತ ವೇದಿಕೆ ಹತ್ತುವವರಿರಲಿಲ್ಲ. ಸಾವಂತ್ರಮ್ಮ ಅಪ್ಪನ ಪೆಟ್ಟಿಗೆ ಮುಟ್ಟಿ ಮಾತು ಕೊಟ್ಟಳು. ಅವಳು ಮಾತಿಗೆ ತಪ್ಪಿದವಳಲ್ಲ, ಸುಳ್ಳು ಹೇಳಿ ಗೊತ್ತಿದ್ದವಳೂ ಅಲ್ಲ.

ಬಳ್ಳಾರಿಗೆ ಬಂದಿಳಿದ ಕೂಡಲೇ ಗಂಟಲು ತೋರಿಸುವ ನೆಪದಲ್ಲಿ ಅವನನ್ನು ಒಬ್ಬ ಡಾಕ್ಟರರ ಹತ್ತಿರ ಕರೆದೊಯ್ದಳು. ಅವರು ಎದೆಗೆ ಕಿವಿ ಕೊಟ್ಟು ಕೇಳಿ, ಗಂಡನನ್ನು ಹೊರಗೆ ಕೂರಿಸಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅವಳಿಗೆ ಹೇಳಿದರು. ಮುಂದಿನ ಸೋಮವಾರ ಆಸ್ಪತ್ರೆಯಲ್ಲಿ ಒಂದು ಮಂಚ ಖಾಲಿಯಾಗುತ್ತದೆ, ಅದನ್ನು ಇವನಿಗೇ ಇಟ್ಟಿರುತ್ತೇನೆ. ಮದ್ರಾಸಿನಿಂದ ಹೊಸ ಸೂಜಿಮದ್ದು ಬರುತ್ತಿದೆ, ಬದುಕಿಸಬಹುದು. ಆದರೆ ಅಲ್ಲಿಯವರೆಗೆ ಎದೆಗೆ ಆಯಾಸವಾಗಕೂಡದು. ಒಳಗೆ ರಕ್ತನಾಳ ಒಡೆದರೆ ಮತ್ತೆ ನನ್ನ ಕೈಯಲ್ಲಿ ಏನೂ ಇಲ್ಲ. ಹಾಡುತ್ತಾನೆಯೇ ಎಂದು ಕೇಳಿದರು. ಅವಳು ಹೂಂ ಎಂದಳು. ಅವರು ಪೆನ್ನಿನ ಮುಚ್ಚಳ ಹಾಕಿ ಎದ್ದರು.

ಈ ವಾರ ಹಾಡಬೇಡಿ ಎಂದು ಗಂಡನ ಕಾಲು ಹಿಡಿದಳು. ಸಪ್ತಾಹ ಮುಗಿದ ಸೋಮವಾರ ನೀ ಎಲ್ಲಿ ಮಲಗು ಅಂದರೆ ಅಲ್ಲಿ ಮಲಗುತ್ತೇನೆ, ಈ ವಾರ ನನ್ನದು, ಬಿಟ್ಟುಬಿಡು ಎಂದ. ಹೋಗಲಿ, ಥೇಟರಿನವರ ಹತ್ತಿರ ಮೈಕಿದೆ, ಅದನ್ನಾದರೂ ಇಟ್ಟುಕೊಳ್ಳಿ ಎಂದಳು. ಮೈಕು ಗಂಟಲಿಲ್ಲದವರಿಗೆ ಎಂದು ಮುಖ ತಿರುಗಿಸಿದ. ಗಂಡಸರ ಹಟಕ್ಕೆ ಮದ್ದಿಲ್ಲ. ಅದರಲ್ಲೂ ಹಾಡುವ ಗಂಡಸಿನ ಹಟಕ್ಕೆ ಆ ದೇವರೇ ಗತಿ.

ಸಪ್ತಾಹದ ಮೊದಲ ಸಂಜೆ, ಸೋಮವಾರ, ಥೇಟರು ಕಿಕ್ಕಿರಿಯಿತು. ಉಚ್ಚೆಂಗೆಪ್ಪ ಕೊನೆಯ ಪದ್ಯ ಹಾಡಿ ನಿಲ್ಲಿಸುತ್ತಿದ್ದಂತೆ ಮುಂದಿನ ಕುರ್ಚಿಯಲ್ಲಿ ಒಂದು ಬೆಳ್ಳಿಕಟ್ಟಿನ ಕೋಲು ಮೇಲೆದ್ದಿತು. ಅದು ಸತ್ಯನಾರಾಯಣಪೇಟೆಯ ಅರಳೆ ವ್ಯಾಪಾರಿ ಕೊಟ್ರಬಸಪ್ಪನವರ ಕೋಲು. ಸಂಗೀತದಲ್ಲಿ ಬಳ್ಳಾರಿಗೆ ಅವರ ಮಾತೇ ಮಾತು. ಅವರ ಕೋಲು ಏಳುವವರೆಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ, ಎದ್ದ ಮೇಲೆ ಯಾರೂ ಬಾಯಿ ಮುಚ್ಚುತ್ತಿರಲಿಲ್ಲ. ಕೋಲು ಎದ್ದಿತು, ತಗಡು ನಡುಗುವಂತೆ ಕೂಗು ಎದ್ದಿತು, ಉಚ್ಚೆಂಗೆಪ್ಪ ಇನ್ನೊಮ್ಮೆ ಹಾಡಿದ. ಮತ್ತೆ ಕೂಗಿದರು, ಮತ್ತೆ ಹಾಡಿದ. ಮಂಗಳವಾರವೂ ಅದೇ ಕತೆ. ಅಂದು ಅವನು ಪರದೆಯ ಮರೆಗೆ ಬಂದು ಕಂಬ ಹಿಡಿದು ಬಗ್ಗಿ ನಿಂತ. ಹೆಗಲ ಮೇಲಿನ ವಲ್ಲಿಯಿಂದ ಬಾಯಿ ಒರೆಸಿಕೊಂಡು ಅದನ್ನು ಮಡಚಿ ಬಗಲಿಗಿಟ್ಟ. ಆಮೇಲೆ ಹೆಂಡತಿಯ ಕಡೆ ನೋಡಿ ನಕ್ಕ. ಆ ನಗು ನೋಡಿ ಸಾವಂತ್ರಮ್ಮನಿಗೆ ಜೀವ ಬಾಯಿಗೆ ಬಂತು. ಹೀಗೇ ಆದರೆ ಸೋಮವಾರದ ಮಂಚಕ್ಕೆ ಇವರು ನಡೆದು ಹೋಗುವುದಿಲ್ಲ, ಹೊತ್ತು ಒಯ್ಯಬೇಕಾಗುತ್ತದೆ ಎಂದು ಅವಳಿಗೆ ಖಾತ್ರಿಯಾಯಿತು.

ಪದ್ಯ ನಿಲ್ಲಿಸುವುದು ಅವಳಿಂದ ಆಗದು. ಕೋಲು ನಿಲ್ಲಿಸಬಹುದೇ?

ಬುಧವಾರ ಬೆಳಿಗ್ಗೆ ಅವಳು ತಲೆಯ ಮೇಲೆ ಸೆರಗು ಹೊದ್ದು ಸತ್ಯನಾರಾಯಣಪೇಟೆಗೆ ಹೋದಳು. ಕೊಟ್ರಬಸಪ್ಪನವರು ಲಿಂಗಪೂಜೆ ಮುಗಿಸಿ ಹಣೆಯ ವಿಭೂತಿ ಆರುವ ಮೊದಲೇ ಪಡಸಾಲೆಗೆ ಬಂದರು. ಉಚ್ಚೆಂಗೆಪ್ಪನ ಹೆಂಡತಿ ಎಂದು ತಿಳಿದು ತಾವೇ ಚಾಪೆ ಎಳೆದು ಹಾಕಿದರು. ದಾರಿಯುದ್ದಕ್ಕೂ ಅವಳು ಹೊಸೆದುಕೊಂಡು ಬಂದಿದ್ದ ಮಾತು ಅವರ ಮುಂದೆ ನಿಲ್ಲುವಂತೆ ಕಾಣಲಿಲ್ಲ. ರೋಗದ ಮಾತು ಹೇಳುವಂತಿಲ್ಲ. ಕಾರಣ ಹೇಳದೆ ಇವರು ಬಿಡುವವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊನೆಗೆ ಹುಟ್ಟಿದಾಗಿನಿಂದ ಹೇಳದಿದ್ದ ಸುಳ್ಳನ್ನು ಸಾವಂತ್ರಮ್ಮ ಅಂದು ದೇವರ ಹೆಸರಿನಲ್ಲೇ ಹೇಳಿದಳು.

ತಾನು ಕುರುಗೋಡಿನ ದೊಡ್ಡಬಸಪ್ಪನಿಗೆ ಹರಕೆ ಹೊತ್ತಿದ್ದೇನೆ ಎಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ಮಡಿಲು ತುಂಬಿಲ್ಲ. ಈ ಸಪ್ತಾಹ ಮುಗಿಯುವವರೆಗೆ ಗಂಡ ಒಂದು ಪದ್ಯವನ್ನು ಒಂದೇ ಸಲ ಹಾಡಬೇಕು, ಎರಡನೆಯ ಸಲ ಹಾಡಿದರೆ ಹರಕೆ ಕೆಟ್ಟಿತು. ಹರಕೆ ತೀರುವವರೆಗೆ ಗಂಡನ ಕಿವಿಗೆ ಇದು ಬೀಳಕೂಡದು. ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ಮಡಿಲು ತುಂಬದ್ದಂತೂ ನಿಜವೇ ಆಗಿತ್ತು, ಅಳುವಿಗೆ ಅಷ್ಟು ನಿಜ ಸಾಕಾಯಿತು.

ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕೊಟ್ರಬಸಪ್ಪನವರ ಹೆಂಡತಿ ಚನ್ನವೀರಮ್ಮ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು. ಆಕೆಗೂ ಬಹಳ ವರ್ಷ ಮಕ್ಕಳಿರಲಿಲ್ಲ. ಆಕೆಯೂ ಅದೇ ದೊಡ್ಡಬಸಪ್ಪನಿಗೆ ಹರಕೆ ಹೊತ್ತು ಮಗನನ್ನು ಪಡೆದವರು. ಬೆಳ್ಳಿ ಲೋಟದಲ್ಲಿ ಮಜ್ಜಿಗೆ ಕೊಟ್ಟು, ಅವಳನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಇಟ್ಟು ಉಡಿ ತುಂಬಿದರು. ಕೊಟ್ರಬಸಪ್ಪನವರು ಕೋಲನ್ನು ಗೋಡೆಗೆ ಒರಗಿಸಿದರು.

“ಭಾನುವಾರದ ತನಕ ಈ ಕೋಲು ಏಳೂದಿಲ್ಲ ತಾಯಿ. ಮಂದಿ ಬಾಯಿನೂ ನಾನ ನೋಡಿಕೊಂತೀನಿ. ನೀ ನಿಶ್ಚಿಂತಿಲೆ ಹೋಗು.”

ಉಡಿಯ ಅಕ್ಕಿ ಭಾರವಾಗಿತ್ತು. ಸುಳ್ಳಿಗೆ ಸಿಕ್ಕ ಅಕ್ಕಿ ಎಂದು ಅವಳು ಅದನ್ನು ಅಡುಗೆಗೆ ತೆಗೆಯದೆ ಹಾಗೇ ಗಂಟು ಕಟ್ಟಿ ಟ್ರಂಕಿನಲ್ಲಿ ಇಟ್ಟಳು.

ಕೊಟ್ರಬಸಪ್ಪನವರು ಮಾತು ಉಳಿಸಿಕೊಂಡರು. ಉಳಿಸಿಕೊಂಡಿದ್ದು ಹೆಚ್ಚಾಯಿತು. ಭಕ್ತಿವಂತರ ಕೈಗೆ ಒಂದು ಕೆಲಸ ಕೊಟ್ಟರೆ ಬರುವ ತೊಂದರೆ ಇದೇ. ಗಣಪತಿಯನ್ನು ಮಾಡು ಎಂದರೆ ಅವರಪ್ಪನನ್ನೇ ಮಾಡಿಟ್ಟಿರುತ್ತಾರೆ. ಚಪ್ಪಾಳೆ ಹೊಡೆದರೆ ಉತ್ಸಾಹ ಬಂದು ಅವನೇ ಇನ್ನೊಮ್ಮೆ ಹಾಡಿಬಿಟ್ಟಾನು ಎಂದು ಅವರಿಗೆ ಹೊಳೆಯಿತು. ಅದಕ್ಕೆ ಪೇಟೆಯಲ್ಲಿ, ಅರಳೆ ಮಂಡಿಯಲ್ಲಿ, ಥೇಟರಿನ ಬಾಗಿಲಲ್ಲಿ ಒಬ್ಬೊಬ್ಬರ ಕಿವಿಯಲ್ಲೂ ಹೇಳಿದರು. ಒಬ್ಬ ಹೆಣ್ಣುಮಗಳ ಹರಕೆ ಇದು, ಕೂಗಬೇಡಿರಿ, ಚಪ್ಪಾಳೆ ಬೇಡ, ಪದ್ಯ ಮುಗಿದ ಕೂಡಲೇ ಸುಮ್ಮನೆ ಕೈ ಮುಗಿಯಿರಿ. ಮಾಲೀಕ ಎರ್ರಣ್ಣನಿಗೂ, ಹಾರ್ಮೋನಿಯಂ ನುಡಿಸುವ ಮೂಕಪ್ಪನಿಗೂ ಹೇಳಿ, ಉಚ್ಚೆಂಗೆಪ್ಪನ ಮುಂದೆ ತುಟಿ ಬಿಚ್ಚಕೂಡದೆಂದು ಮಾತು ತೆಗೆದುಕೊಂಡರು. ಹೆಣ್ಣಿನ ಹರಕೆ ಎಂದ ಮೇಲೆ ಬಳ್ಳಾರಿಯಲ್ಲಿ ಇಲ್ಲ ಎನ್ನುವವರಾರು? ಕೌಲ್ ಬಜಾರಿನ ಸಾಬರು ಕೂಡ ತಲೆಯಾಡಿಸಿದರು. ಒಂದೇ ಹಗಲಿನಲ್ಲಿ ಊರಿಗೆಲ್ಲ ಗೊತ್ತಾಯಿತು, ಗೊತ್ತಿಲ್ಲದೆ ಉಳಿದವನು ಒಬ್ಬನೇ.

ಬುಧವಾರ ಸಂಜೆ ಉಚ್ಚೆಂಗೆಪ್ಪ ಪದ್ಯ ಮುಗಿಸಿದ. ಥೇಟರಿನ ತುಂಬ ಜನ ಕೈ ಮುಗಿದು ಕೂತರು. ಎಷ್ಟೋ ಜನರ ಕಣ್ಣಲ್ಲಿ ನೀರಿತ್ತು. ಆದರೆ ವೇದಿಕೆಯ ಅಂಚಿಗೆ ಸಾಲಾಗಿ ಗ್ಯಾಸ್‌ಲೈಟು ತೂಗುಹಾಕಿದ್ದರು. ಅದರ ಬೆಳಕು ನೇರ ಹಾಡುವವನ ಕಣ್ಣಿಗೆ ಹೊಡೆಯುತ್ತಿತ್ತು, ಬೆಳಕಿನಾಚೆ ಅವನಿಗೆ ಕಾಣುತ್ತಿದ್ದುದು ಬರೀ ಕತ್ತಲೆ. ಹಾಡುವವರಿಗೆ ಜನ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳಿಸುತ್ತಾರೆ. ಅಂದು ಅವನಿಗೆ ಒಂದು ಕೆಮ್ಮು ಕೇಳಿಸಿತು, ಒಂದು ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ಇನ್ನೇನೂ ಇಲ್ಲ.

ಅವನು ಒಂದು ಗಳಿಗೆ ನಿಂತು ಒಳಗೆ ಬಂದ. ಮಂದಿ ಇವತ್ತು ಕಡಿಮೆ ಬಂದಿರಬೇಕು ಎಂದ. ಸಾವಂತ್ರಮ್ಮ ಹೂಂ ಎಂದಳು. ಅಂದು ಅವನು ಕೆಮ್ಮದೆ ಮಲಗಿದ. ಅವಳು ಅವನ ಎದೆ ಏರಿ ಇಳಿಯುವುದನ್ನು ನೋಡುತ್ತ ಕೂತು ದೊಡ್ಡಬಸಪ್ಪನಿಗೆ ತಪ್ಪುಗಾಣಿಕೆ ಇಡುವುದಾಗಿ ನಿಜವಾದ ಹರಕೆಯನ್ನೇ ಹೊತ್ತಳು. ಇನ್ನು ನಾಲ್ಕು ಸಂಜೆ ಹೀಗೇ ಹೋದರೆ ಸೋಮವಾರ. ಬಹಳ ದಿನದ ಮೇಲೆ ಅವಳಿಗೂ ನಿದ್ದೆ ಬಂತು.

ಆ ಒಂದು ನಿದ್ದೆಯಷ್ಟೇ ಅವಳಿಗೆ ದಕ್ಕಿದ್ದು. ಗುರುವಾರವೂ ಥೇಟರು ಸುಮ್ಮನಿತ್ತು. ಉಚ್ಚೆಂಗೆಪ್ಪ ಒಳಗೆ ಬಂದ. ಎರ್ರಣ್ಣ ಅವನನ್ನು ಕಂಡು ಮೆಲ್ಲಗೆ ನಕ್ಕು ಆಚೆ ಸರಿದ. ಅದು ಮಗು ಆದೀತು ಎಂಬ ಹಾರೈಕೆಯ ನಗು. ಉಚ್ಚೆಂಗೆಪ್ಪನಿಗೆ ಅದು ಕನಿಕರದ ನಗುವಾಗಿ ಕಂಡಿತು. ಮೂಕಪ್ಪ ಹೆಸರಿಗೆ ಮೂಕಪ್ಪ, ದಿನವಿಡೀ ಹರಟುವ ಮನುಷ್ಯ. ಅವನೂ ಗುಟ್ಟು ಬಾಯಿಗೆ ಬಂದೀತೆಂಬ ಹೆದರಿಕೆಗೆ ಉಚ್ಚೆಂಗೆಪ್ಪನ ಎದುರು ನಿಜಕ್ಕೂ ಮೂಕನಾದ. ಎಲ್ಲರೂ ಒಳ್ಳೆಯದನ್ನೇ ಬಯಸಿ ಒಬ್ಬ ಮನುಷ್ಯನನ್ನು ನಾಲ್ಕೂ ಕಡೆಯಿಂದ ಹೀಗೆ ಕೊಲ್ಲಬಹುದು ಎಂದು ಸಾವಂತ್ರಮ್ಮ ಎಂದೂ ಎಣಿಸಿರಲಿಲ್ಲ. ಊಟಕ್ಕೆ ಕೂತಾಗ ಅವನು ತುತ್ತು ಕೈಯಲ್ಲೇ ಹಿಡಿದು, ಕೊಟ್ರಬಸಪ್ಪನವರು ಇವತ್ತು ಬಂದಿದ್ದರೇನು ಎಂದು ಕೇಳಿದ. ಬಂದಿದ್ದರು ಎನ್ನದೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಅವನು ತುತ್ತನ್ನು ತಟ್ಟೆಗೆ ಇಳಿಸಿ ಕೈ ತೊಳೆದ.

ಶುಕ್ರವಾರ ಅವನು ಮೂಕಪ್ಪನಿಗೆ ಹಾರ್ಮೋನಿಯಂನಲ್ಲಿ ಒಂದು ಮನೆ ಮೇಲಿನ ಶ್ರುತಿ ಹಿಡಿ ಎಂದ. ಬಿದ್ದುಹೋದ ದನಿಯನ್ನು ಎತ್ತಿ ತೋರಿಸುವ ಹಟ. ಸಾವಂತ್ರಮ್ಮ ಹಳೆಯ ಶ್ರುತಿಯಲ್ಲೇ ತಿದಿ ಒತ್ತಿದಳು. ಅವನು ಪರದೆಯ ಕಡೆ ತಿರುಗಿ ಒಮ್ಮೆ ನೋಡಿದ. ಆ ನೋಟಕ್ಕೆ ಅವಳ ಬೆರಳು ತಾನಾಗಿ ಮೇಲಿನ ಮನೆಗೆ ಸರಿಯಿತು. ಪದ್ಯ ಏರಿತು, ಉಸಿರು ಹರಿಯುವ ಬಟ್ಟೆಯ ಸದ್ದು ಮಾಡಿತು. ಮುಗಿದಾಗ ಮತ್ತೆ ಅದೇ ಮೌನ. ಮೂರು ಮೂರು ಸಲ ಹಾಡಿದ್ದಕ್ಕಿಂತ ಈ ಒಂದು ಸಲ ಅವನ ಎದೆಯನ್ನು ಹೆಚ್ಚು ಸೀಳಿತ್ತು. ವಲ್ಲಿ ಕೆಂಪಾಗಿತ್ತು. ಕೂಗಿದರೆ ಹಾಡಿ ಸಾಯುತ್ತಾರೆಂದು ಕೂಗು ನಿಲ್ಲಿಸಿದಳು. ಈಗ ಕೂಗದಿದ್ದಕ್ಕೇ ಸಾಯುತ್ತಿದ್ದಾರೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶನಿವಾರ ಬೆಳಿಗ್ಗೆ ಅವಳು ಹೋದ ಮಾತನ್ನು ಹಿಂದಕ್ಕೆ ತರಲು ಮತ್ತೆ ಸತ್ಯನಾರಾಯಣಪೇಟೆಗೆ ಹೋದಳು. ಒಂದೇ ಒಂದು ಸಲ ಕೋಲು ಎತ್ತಿರಿ, ಒಂದು ಚಪ್ಪಾಳೆಯಾದರೂ ಹೊಡೆಯಿರಿ ಎಂದು ಬೇಡಿದಳು. ಕೊಟ್ರಬಸಪ್ಪನವರು ತಮ್ಮ ಕೈಯಿಂದ ಹರಕೆ ಕೆಡಿಸುವುದೇ, ಆ ಪಾಪ ಯಾವ ಜನ್ಮಕ್ಕೆ ಎಂದು ಕಿವಿ ಮುಟ್ಟಿಕೊಂಡರು.

“ಹರಕಿ ಸುಳ್ಳು ರೀ” ಎಂದಳು ಸಾವಂತ್ರಮ್ಮ. “ನಾ ಆ ಹರಕಿ ಹೊತ್ತಿಲ್ಲ. ಸುಳ್ಳು ಹೇಳೀನಿ.”

ಚನ್ನವೀರಮ್ಮ ಹತ್ತಿರ ಬಂದು ಅವಳ ಬೆನ್ನು ಸವರಿದರು. ಹರಕೆ ತೀರುವ ಹೊತ್ತಿಗೆ ಎಲ್ಲರಿಗೂ ಹೀಗೇ ಆಗುತ್ತದೆ, ಮನಸ್ಸು ಕೈಕೊಡುತ್ತದೆ, ದೇವರೂ ಬೇಡ ಹರಕೆಯೂ ಬೇಡ ಅನ್ನಿಸುತ್ತದೆ ಎಂದರು.

“ನನಗೂ ಹಂಗ ಆಗಿತ್ತವ್ವ. ದೊಡ್ಡಬಸಪ್ಪ ಪರೀಕ್ಷಿ ಮಾಡ್ತಾನ. ಇನ್ನೆರಡು ದಿನ ಹಲ್ಲು ಕಚ್ಚಿ ಹಿಡಿ.”

ಅಸಲು ಮಾತು ಸಾವಂತ್ರಮ್ಮನ ನಾಲಿಗೆಯ ತುದಿಗೆ ಬಂತು. ಆ ರೋಗದ ಹೆಸರೊಂದನ್ನು ಹೇಳಿದ್ದರೆ ಸಾಕಿತ್ತು. ಆದರೆ ಅಪ್ಪನ ಪೆಟ್ಟಿಗೆಯ ಮೇಲಿನ ಆಣೆ ಇತ್ತು, ಕೈಯಲ್ಲಿ ಅವರ ಮನೆಯ ಬೆಳ್ಳಿ ಲೋಟವಿತ್ತು. ಆ ರೋಗದ ಮನೆಯವಳಾಗಿ ಅದರಲ್ಲಿ ಅವಳು ಎರಡನೆಯ ಸಲ ಮಜ್ಜಿಗೆ ಕುಡಿದಿದ್ದಳು. ಬಿಸಿತುಪ್ಪದಂಥ ಮಾತನ್ನು ನುಂಗಿ, ಲೋಟ ಕೆಳಗಿಟ್ಟು ಎದ್ದಳು. ಅವಳ ಸುಳ್ಳನ್ನು ತಟ್ಟನೆ ನಂಬಿದ ಜನ ಅವಳ ನಿಜವನ್ನು ನಂಬಲಿಲ್ಲ. ಶನಿವಾರದ ಸಂಜೆಯೂ ಥೇಟರು ಕೈ ಮುಗಿದುಕೊಂಡು ಕೂತಿತ್ತು.

ಭಾನುವಾರ ಮಧ್ಯಾಹ್ನ ಗುಡ್ಡದ ಬಂಡೆ ಕಾದು ಊರೆಲ್ಲ ಬೇಯುತ್ತಿದ್ದಾಗ, ಉಚ್ಚೆಂಗೆಪ್ಪ ಕಂಪನಿಯ ಬಿಡಾರದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಸಾವಂತ್ರಮ್ಮ ಅವನ ಕಾಲ ಹತ್ತಿರ ಕೂತು ಇದ್ದದ್ದನ್ನು ಇದ್ದಂತೆ ಹೇಳಿದಳು. ತಾನು ಹೇಳಿದ ಸುಳ್ಳು, ಉಡಿ ತುಂಬಿಸಿಕೊಂಡದ್ದು, ಜನ ಕೂಗದೆ ಇರುವುದು ಅವಳ ಮಾತಿಗೆ ಕಟ್ಟುಬಿದ್ದು ಎಂಬುದು, ಪದ್ಯ ಮುಗಿದ ಮೇಲೆ ಅಷ್ಟೂ ಜನ ಕೈ ಮುಗಿದು ಕೂರುವುದು. ಒಂದನ್ನೂ ಮುಚ್ಚಿಡಲಿಲ್ಲ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ತಲೆ ತಗ್ಗಿಸಿ ಕೂತಳು.

ಅವನು ಬೈಯಲಿಲ್ಲ. ಮೆಲ್ಲಗೆ ಎದ್ದು ಕೂತು ಅವಳ ಕೈ ಹಿಡಿದುಕೊಂಡ. ಅವನ ಕೈ ಸುಡುತ್ತಿತ್ತು.

“ಇಷ್ಟು ವರ್ಷದಾಗ ಒಂದು ಸುಳ್ಳು ಹೇಳಿದಾಕಿ ಅಲ್ಲ ನೀನು” ಎಂದ. “ನನ್ನ ಸಮಾಧಾನಕ್ಕ ಇವತ್ತು ಸುಳ್ಳು ಹೇಳಾಕ ಕಲ್ತಿ. ಅಂದ್ರ ನನ್ನ ದನಿ ನಿಜವಾಗಿನೂ ಹೋಗೇತಿ.”

ಅವಳು ಆಣೆ ಮಾಡಿದಳು, ತಾಳಿ ಮುಟ್ಟಿದಳು, ಟ್ರಂಕಿನಿಂದ ಅಕ್ಕಿಯ ಗಂಟು ತಂದು ಅವನ ಮುಂದೆ ಬಿಚ್ಚಿದಳು. ಅವನು ಅಕ್ಕಿಯನ್ನು ನೋಡಿ, ಹೆಂಡತಿ ಈ ಕತೆಯನ್ನು ಎಷ್ಟು ಕಷ್ಟಪಟ್ಟು ಕಟ್ಟಿದ್ದಾಳೆ ಎಂಬಂತೆ ಅವಳ ತಲೆ ಸವರಿದ. ಮೂಕಪ್ಪನನ್ನಾದರೂ ಕೇಳಿರಿ ಎಂದಳು. ಅವನಿಗೂ ನೀನೇ ಹೇಳಿಕೊಟ್ಟಿರುತ್ತೀ ಎಂದ. ದೊಡ್ಡ ಊರಿನವರು ಸುಳ್ಳು ಚಪ್ಪಾಳೆ ಹೊಡೆಯುವುದಿಲ್ಲ, ಒಳ್ಳೆಯದಾಯಿತು, ನನಗೆ ಗೊತ್ತಾಯಿತು ಎಂದ. ಸಾವಂತ್ರಮ್ಮನಿಗೆ ತನ್ನ ತಲೆಯನ್ನು ಗೋಡೆಗೆ ಬಡಿದುಕೊಳ್ಳಬೇಕೆನ್ನಿಸಿತು. ಲೋಕದಲ್ಲಿ ಅವಳ ಮಾತನ್ನು ನಂಬಲೇಬೇಕಾಗಿದ್ದ ಮನುಷ್ಯ ಇವನೊಬ್ಬನೇ, ಅವನೂ ನಂಬಲಿಲ್ಲ.

ಕೊನೆಯ ಸಂಜೆ ಥೇಟರಿನ ಬಾಗಿಲ ಹೊರಗೂ ಜನ ನಿಂತಿದ್ದರು. ಉಚ್ಚೆಂಗೆಪ್ಪ ಬಿಳಿಯ ಧೋತರ ಉಟ್ಟು, ಬಾಯಿ ತುಂಬ ಎಲೆ ಹಾಕಿ ಉಗುಳಿ, ಬೆಳಕಿಗೆ ಹೋಗಿ ನಿಂತ. ಅಂದು ಶ್ರುತಿ ಏರಿಸು ಎನ್ನಲಿಲ್ಲ. ರಾಜ್ಯ ಕಳೆದುಕೊಂಡ ರಾಜನ ಪದ್ಯವನ್ನು ಹಟವಿಲ್ಲದೆ, ಕಳೆದುಕೊಂಡವನೇ ಹಾಡಿದ ಹಾಗೆ ಹಾಡಿದ. ಪದ್ಯ ಮುಗಿಯಿತು. ಸಾವಂತ್ರಮ್ಮ ಪರದೆಯ ಸಂದಿಯಿಂದ ನೋಡಿದಳು. ಆ ಕಡೆ ಸಾಲು ಸಾಲಾಗಿ ಮುಗಿದ ಕೈಗಳು, ಮುಂದಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿದ ಕೊಟ್ರಬಸಪ್ಪನವರು, ತೊಡೆಯ ಮೇಲೆ ಅಡ್ಡ ಮಲಗಿದ ಕೋಲು. ಈ ಕಡೆ ಬೆಳಕಿಗೆ ಕಣ್ಣು ಕಿರಿದು ಮಾಡಿ, ಹೆಂಡತಿ ಹೇಳಿದ್ದೇನಾದರೂ ನಿಜವೇ ಎಂದು ಕತ್ತಲಲ್ಲಿ ಹುಡುಕುತ್ತಿದ್ದ ಅವಳ ಗಂಡ. ಅವನಿಗೆ ಏನೂ ಕಾಣಲಿಲ್ಲ. ಹುಡುಕುವುದನ್ನು ಬಿಟ್ಟು ಅವನು ಆ ಕತ್ತಲೆಗೆ ಕೈ ಮುಗಿದ. ಸಂಜೆಯ ನಮಸ್ಕಾರವಲ್ಲ ಅದು, ಇನ್ನು ಹಾಡುವುದಿಲ್ಲ ಎಂದು ಹೇಳಿ ಹೋಗುವ ನಮಸ್ಕಾರ. ಆಮೇಲೆ ಪರದೆಯ ಕಡೆ ತಿರುಗಿದ.

ಆ ಮುಖವನ್ನು ಅವಳು ನೋಡಿದಳು. ಇನ್ನು ಕೆಲವೇ ಹೆಜ್ಜೆ, ಅವನು ಒಳಗೆ ಬರುತ್ತಾನೆ. ಬೆಳಗಾದರೆ ಸೋಮವಾರ, ಮಂಚ ಕಾದಿದೆ, ಸೂಜಿಮದ್ದು ಬರುತ್ತದೆ, ಬದುಕಿಯೂ ಬದುಕುತ್ತಾನೆ. ಬದುಕಿದಷ್ಟು ದಿನ ಈ ಮುಖವನ್ನೇ ಹೊತ್ತು ಬದುಕುತ್ತಾನೆ. ಇಡೀ ವಾರ ಅವಳು ಬೇಡಿಕೊಂಡದ್ದು ಈ ಕೆಲವು ಹೆಜ್ಜೆಗಳಿಗಾಗಿಯೇ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲು ಅವಳಿಂದ ಆಗಲಿಲ್ಲ.

“ವನ್ಸ್ ಮೋರ್!”

ಎಂದೂ ದನಿ ಎತ್ತಿ ಮಾತಾಡದ ಹೆಣ್ಣಿನ ಕೂಗು ಅದು. ಒಡಕಾಗಿ, ಕರ್ಕಶವಾಗಿ, ಅವಳದೆಂದು ಗುರುತೇ ಸಿಗದಂತೆ ಪರದೆಯ ಮರೆಯಿಂದ ಹೊರಗೆ ಹೋಯಿತು. ಜನ ಬೆಚ್ಚಿದರು. ಕೂಗಿದವಳು ಯಾರೆಂದು ಪರದೆಯ ಸಂದಿಯಲ್ಲಿ ಅವಳನ್ನು ಕಂಡ ಮುಂದಿನ ಸಾಲಿನವರಿಗೆ ಗೊತ್ತಾಯಿತು, ಅವರಿಂದ ಹಿಂದಿನವರಿಗೆ ಗೊತ್ತಾಯಿತು. ಹರಕೆ ಹೊತ್ತವಳೇ ಬಿಟ್ಟುಕೊಟ್ಟ ಮೇಲೆ ಮತ್ತಾರ ತಡೆ? ಬುಧವಾರದಿಂದ ಗಂಟಲಲ್ಲಿ ಕಟ್ಟಿಟ್ಟಿದ್ದ ಅಷ್ಟೂ ಕೂಗು ಒಮ್ಮೆಲೇ ಎದ್ದಿತು. ತಗಡು ಗುಡುಗಿತು. ಗ್ಯಾಸ್‌ಲೈಟುಗಳು ತೂಗಾಡಿದವು. ಕೊಟ್ರಬಸಪ್ಪನವರ ಕೋಲೊಂದೇ ಏಳಲಿಲ್ಲ.

ಉಚ್ಚೆಂಗೆಪ್ಪ ಒಂದು ಕಾಲು ಮುಂದಿಟ್ಟವನು ಹಾಗೇ ನಿಂತ. ಅವನ ಮುಖ ಬದಲಾದದ್ದನ್ನು ಸಾವಂತ್ರಮ್ಮ ಸಾಯುವವರೆಗೆ ಮರೆಯಲಿಲ್ಲ. ಅವನು ತಿರುಗಿ ಬೆಳಕಿಗೆ ಹೋದ. ಅವಳು ತಿದಿ ಒತ್ತಿದಳು. ಶ್ರುತಿ ನಡುಗಲು ಬಿಡಲಿಲ್ಲ. ಆ ಪದ್ಯವನ್ನು ಅವನು ಅದಕ್ಕಿಂತ ಚೆನ್ನಾಗಿ ಹಾಡಿದ್ದಿಲ್ಲ. ಆಲಾಪ ಏರಿ ಏರಿ ನಿಂತಾಗ ಅವಳು ಮೊದಲ ಬಾರಿಗೆ ಅವನ ಉಸಿರನ್ನು ಕೇಳುವುದನ್ನು ಮರೆತು ಎಲ್ಲರಂತೆ ಹಾಡನ್ನು ಕೇಳಿದಳು.

ಪದ್ಯ ಮುಗಿಸಿ ಅವನು ಒಳಗೆ ಬಂದು ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ ಕೂತ. ಹೊರಗೆ ಕೂಗು ಇನ್ನೂ ನಿಂತಿರಲಿಲ್ಲ. ಅವನು ಅವಳ ಹೆಗಲಿಗೆ ತಲೆ ಒರಗಿಸಿದ.

“ಕೇಳ್ದೇನು?” ಎಂದ. “ಮೊದಲ ಯಾರೋ ಒಬ್ಬಾಕಿ ಹೆಣ್ಣುಮಗಳು ಕೂಗಿದ್ಲು. ಯಾರಂತ ಕೇಳಿ ಇಡು. ಆಕಿಗೆ ನಮಸ್ಕಾರ ಹೇಳಬೇಕು.”

“ಕೇಳ್ತೀನಿ” ಎಂದಳು ಸಾವಂತ್ರಮ್ಮ.

ಆಮೇಲೆ ಅವನು ಕೆಮ್ಮಿದ. ಬಿಳಿಯ ಧೋತರ ಮೊಳಕಾಲಿನವರೆಗೆ ಕೆಂಪಾಯಿತು. ಓಡಿಬಂದ ಎರ್ರಣ್ಣ, ತಾಂಬೂಲ ನೆತ್ತಿಗೇರಿರಬೇಕು, ನೀರು ತನ್ನಿರಿ ಎಂದು ಕೂಗಿದ. ನೀರು ಬರುವ ಹೊತ್ತಿಗೆ ಅದರ ಅಗತ್ಯ ಇರಲಿಲ್ಲ. ಸಾವಂತ್ರಮ್ಮ ಅವನ ಬಾಯಿ ಒರೆಸಿದಳು. ಇನ್ನೊಂದು ಕೈ ತಿದಿಯ ಮೇಲೇ ಇತ್ತು. ಮೂಕಪ್ಪ ಬಂದು ಅದನ್ನು ಬಿಡಿಸಬೇಕಾಯಿತು.

ಸೋಮವಾರ ಆಸ್ಪತ್ರೆಯ ಮಂಚ ಬೇರೆ ಯಾರಿಗೋ ಹೋಯಿತು. ಹರಕೆ ಮುರಿದದ್ದಕ್ಕೆ ದೊಡ್ಡಬಸಪ್ಪ ತಕ್ಷಣ ತೋರಿಸಿದ ಎಂದು ಊರು ಮಾತಾಡಿಕೊಂಡಿತು. ಹೊಗಳಿಕೆಯ ಆಸೆಗೆ ಗಂಡನನ್ನೇ ತಿಂದಳು ಎಂದವರೂ ಇದ್ದರು. ಚನ್ನವೀರಮ್ಮ ಮಣ್ಣಿಗೆ ಬರಲಿಲ್ಲ. ಸಾವಂತ್ರಮ್ಮ ಉಡಿಯ ಅಕ್ಕಿಯನ್ನು ಅವರ ಮನೆಗೆ ಹಿಂದಕ್ಕೆ ಕಳಿಸಿದಳು. ರೋಗದ ಹೆಸರು ಆಗಲೂ ಹೇಳಲಿಲ್ಲ, ಆಣೆ ಆಣೆಯೇ. ಹರಕೆ ಸುಳ್ಳೆಂದು ಇನ್ನೊಮ್ಮೆ ಹೇಳುವ ಗೋಜಿಗೂ ಹೋಗಲಿಲ್ಲ.

ಸಿರುಗುಪ್ಪದ ಬಸ್ಸಿಗೆ ಶ್ರುತಿಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಾಗ ಕೊಟ್ರಬಸಪ್ಪನವರು ಬಂದರು. ಒಂದೇ ವಾರದಲ್ಲಿ ಕೋಲಿನ ಮೇಲೆ ಭಾರ ಬಿಟ್ಟು ನಡೆಯುವಂತಾಗಿದ್ದರು. ಬೈಯಲು ಬಂದವರಂತೆ ಕಾಣಲಿಲ್ಲ.

“ಯಾಕ ಕೂಗಿದೆವ್ವ?” ಎಂದು ಕೇಳಿದರು. “ಕಡೀ ಗಳಿಗ್ಯಾಗ ನೀನ ಯಾಕ ಕೂಗಿದಿ?”

ಸಾವಂತ್ರಮ್ಮ ಶ್ರುತಿಪೆಟ್ಟಿಗೆಯನ್ನು ಮಡಿಲಲ್ಲಿ ಸರಿಪಡಿಸಿಕೊಂಡಳು.

“ಇನ್ನೊಂದು ಸಲ ಕೇಳಬೇಕನಿಸ್ತ್ರಿ” ಎಂದಳು.

ಬುಧವಾರದಿಂದ ದಿನಾ ಆ ಮುಂದಿನ ಕುರ್ಚಿಯಲ್ಲಿ ಅದನ್ನೇ ಬಯಸುತ್ತ, ಕೋಲನ್ನು ಎರಡೂ ಕೈಯಿಂದ ಒತ್ತಿಹಿಡಿದು ಕೂತಿದ್ದ ಕೊಟ್ರಬಸಪ್ಪನವರು ಆ ಕೋಲನ್ನು ಬಗಲಿಗೆ ಸೇರಿಸಿದರು. ಬಸ್ಸು ಬಂತು. ಅವರು ಪೆಟ್ಟಿಗೆಯನ್ನು ತಾವೇ ಎತ್ತಿ ಒಳಗೆ ಕೊಟ್ಟರು.